ಫ್ಯಾಂಟಮ್ ಸಿನಿಮಾ ನೋಡಿ ನನಗೆ ಅನಿಸಿದ್ದು



ಹೋದ ತಿಂಗಳ ನಮ್ಮ ಭಿತ್ತಿಪತ್ರಿಕೆಯಲ್ಲಿ ಬಂದ 'ನನ್ನ ಮೆಚ್ಚಿನ ಹೀರೋಗಳು' ಲೇಖನವನ್ನು ನೀವೆಲ್ಲ ಓದಿದ್ದೀರಿ. ಅದರಲ್ಲಿ ನಮ್ಮ ತರಗತಿಯ ಗೆಳೆಯನೊಬ್ಬ ಹೀರೋಗಳಿಗೆಲ್ಲ ಮಾರ್ಕ್ಸ್ ಹಾಕಿದ್ದ. ಹಾರುವವನಿಗೆ ಹತ್ತಕ್ಕೆ ಹತ್ತು. ಗೋಡೆ ಹತ್ತುವವನಿಗೆ ಒಂಬತ್ತು. ಎಲ್ಲರ ಕೊನೆಗೆ ಫ್ಯಾಂಟಮ್, ಅವನಿಗೆ ಎರಡೇ ಎರಡು. ಕಾರಣ ಏನು ಬರೆದಿದ್ದ ಗೊತ್ತಾ? "ಇವನಿಗೆ ಸ್ವಂತ ಪವರ್ ಇಲ್ಲ, ಎಲ್ಲಾ ಉಂಗುರದ್ದು. ಉಂಗುರ ತೆಗೆದರೆ ಬರೀ ಮನುಷ್ಯ." ಅದನ್ನು ಓದಿ ನನಗೆ ಎಷ್ಟು ಸಿಟ್ಟು ಬಂತೆಂದರೆ ಅವತ್ತು ಮಧ್ಯಾಹ್ನ ಊಟವೇ ಸೇರಲಿಲ್ಲ. "ಜಗಳ ಆಡಬೇಡಮ್ಮ, ಬರೆದು ಕೊಡು" ಎಂದು ಕನ್ನಡ ಮೇಷ್ಟ್ರು ಹೇಳಿದರು. ಅದಕ್ಕೇ ಈ ಲೇಖನ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ತಪ್ಪು ಗೆಳೆಯನದಲ್ಲ. ಅವನು ಸಿನಿಮಾ ಮಾತ್ರ ನೋಡಿದ್ದಾನೆ, ಪುಸ್ತಕ ಓದಿಲ್ಲ. ಆ ಸಿನಿಮಾ ನೋಡಿದವರು ಯಾರೇ ಆದರೂ ಹಾಗೇ ಬರೆಯುತ್ತಾರೆ.

ನಾನು ಮೂರನೇ ತರಗತಿಯಿಂದ ಫ್ಯಾಂಟಮ್ ಓದುತ್ತಿದ್ದೇನೆ. ಅಜ್ಜಿಯ ಮನೆಯ ಅಟ್ಟದ ಮೇಲೆ ನನ್ನ ಸೋದರಮಾವನ ಒಂದು ತಗಡಿನ ಟ್ರಂಕ್ ಇದೆ. ಅದರ ತುಂಬ ಹಳೇ ಇಂದ್ರಜಾಲ ಕಾಮಿಕ್ಸ್. 1964ರಲ್ಲಿ ಶುರುವಾಗಿ 1990ರಲ್ಲಿ ನಿಂತುಹೋದ ಈ ಪುಸ್ತಕಗಳು ಇಂಗ್ಲಿಷಿನ ಜೊತೆಗೆ ನಮ್ಮ ದೇಶದ ಅನೇಕ ಭಾಷೆಗಳಲ್ಲಿ, ಕನ್ನಡದಲ್ಲೂ ಬರುತ್ತಿದ್ದವು. ಮಾವ ಅವನ್ನು ಸೂಜಿ ದಾರದಿಂದ ಹೊಲಿದು, ಹರಿದ ಹಾಳೆಗೆ ಅನ್ನದ ಅಂಟು ಹಚ್ಚಿ ಕಾಪಾಡಿದ್ದಾರೆ. ಬೇಸಿಗೆ ರಜೆ, ದಸರಾ ರಜೆ ಎಲ್ಲ ನನಗೆ ಆ ಅಟ್ಟದ ಮೇಲೇ ಕಳೆದಿವೆ.

ಫ್ಯಾಂಟಮ್ ಯಾರು ಎಂದು ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಅಮೆರಿಕದ ಲೀ ಫಾಕ್ ಎಂಬ ಲೇಖಕರು 1936ರಲ್ಲಿ ದಿನಪತ್ರಿಕೆಗಳಿಗಾಗಿ ಈ ಚಿತ್ರಕಥೆ ಶುರು ಮಾಡಿದರು. ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ. ಅಂದರೆ ಮೈಗಂಟಿದ ಉಡುಪು ಹಾಕಿದ ಈ ಇಬ್ಬರಿಗೂ ನಮ್ಮ ಫ್ಯಾಂಟಮ್ ಅಣ್ಣ! ಫಾಕ್ ಅವರು 1999ರಲ್ಲಿ ತೀರಿಕೊಳ್ಳುವವರೆಗೂ ಈ ಕಥೆ ಬರೆಯುತ್ತಲೇ ಇದ್ದರು.

ಕಥೆ ಹೀಗಿದೆ. ಸುಮಾರು 400 ವರ್ಷಗಳ ಹಿಂದೆ ಕಡಲ್ಗಳ್ಳರು ಒಂದು ಹಡಗಿನ ಮೇಲೆ ಬಿದ್ದು ಎಲ್ಲರನ್ನೂ ಕೊಲ್ಲುತ್ತಾರೆ. ಒಬ್ಬ ಮಾತ್ರ ಬದುಕಿ ದಡ ಸೇರುತ್ತಾನೆ. ತನ್ನ ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಕೈಯಿಟ್ಟು, ಕಡಲ್ಗಳ್ಳತನ ಮತ್ತು ಅನ್ಯಾಯದ ವಿರುದ್ಧ ಹೋರಾಡುತ್ತೇನೆ, ನನ್ನ ನಂತರ ನನ್ನ ಮಕ್ಕಳು ಹೋರಾಡುತ್ತಾರೆ ಎಂದು ಆಣೆ ಮಾಡುತ್ತಾನೆ. ಅವನು ಸತ್ತ ಮೇಲೆ ಮಗ ಅದೇ ಮುಖವಾಡ ಹಾಕುತ್ತಾನೆ. ಆಮೇಲೆ ಮೊಮ್ಮಗ. ಈಗಿನವನು 21ನೆಯವನು. ಹೊರಗಿನವರಿಗೆ ಇದು ಗೊತ್ತಿಲ್ಲ. ಇವನಿಗೆ ಸಾವೇ ಇಲ್ಲ, ಇವನು ನಡೆದಾಡುವ ಭೂತ ಎಂದು ಅವರು ನಂಬುತ್ತಾರೆ.

ಗೆಳೆಯರೇ, ಇದೇ ಫ್ಯಾಂಟಮ್‌ನ ಗುಟ್ಟು. ಅವನಿಗೆ ಗುಂಡು ತಾಗಿದರೆ ರಕ್ತ ಬರುತ್ತದೆ. ಅವನು ಹಾರುವುದಿಲ್ಲ. ಅವನ ಉಂಗುರ ಬರೀ ಉಂಗುರ, ಅದರಿಂದ ಗುದ್ದಿದರೆ ಕಳ್ಳನ ದವಡೆಯ ಮೇಲೆ ಬುರುಡೆಯ ಗುರುತು ಬೀಳುತ್ತದೆ ಅಷ್ಟೇ. ಚಿಕ್ಕಂದಿನಿಂದ ಮಾಡಿದ ಅಭ್ಯಾಸ, ಹಿಂದಿನವರು ಬುರುಡೆ ಗುಹೆಯಲ್ಲಿ ಬರೆದಿಟ್ಟ ದಪ್ಪ ದಪ್ಪ ಪುಸ್ತಕಗಳು, ಜನರ ನಂಬಿಕೆ, ಇವೇ ಅವನ ಪವರ್.

ಈಗ ಸಿನಿಮಾಗೆ ಬರೋಣ. 'ದಿ ಫ್ಯಾಂಟಮ್' 1996ರ ಜೂನ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. ಸೈಮನ್ ವಿನ್ಸರ್ ನಿರ್ದೇಶನ, ಬಿಲ್ಲಿ ಝೇನ್ ಫ್ಯಾಂಟಮ್. ನಾನು ಅದನ್ನು ಹೋದ ದಸರಾ ರಜೆಯಲ್ಲಿ ಮಾವನ ಜೊತೆ ಕೂತು ಅವರ ಲ್ಯಾಪ್‌ಟಾಪಿನಲ್ಲಿ ನೋಡಿದೆ.

ನಿಜ ಹೇಳಬೇಕೆಂದರೆ ಮೊದಲ ಅರ್ಧ ಗಂಟೆ ನನಗೆ ಖುಷಿಯೋ ಖುಷಿ. ಬಿಳಿ ಕುದುರೆ ಹೀರೋ ಇದೆ, ತೋಳ ಡೆವಿಲ್ ಇದೆ, ಬುರುಡೆ ಗುಹೆ ಇದೆ, ಗುರಾನ್ ಇದ್ದಾನೆ. ಹಗ್ಗದ ಸೇತುವೆಯ ಮೇಲೆ ಲಾರಿಯೊಳಗೆ ಸಿಕ್ಕಿಕೊಂಡ ಹುಡುಗನನ್ನು ಫ್ಯಾಂಟಮ್ ಬಿಡಿಸುವಾಗ ನಾನು ಎದ್ದು ನಿಂತೇಬಿಟ್ಟಿದ್ದೆ. ಅಪ್ಪನನ್ನು ಕೊಂದವನ ಸೊಂಟದಲ್ಲಿ ಅಪ್ಪನದೇ ಬೆಲ್ಟ್ ಇರುವುದೂ ಇದೆ. ಬೆಲ್ಟಿನ ಕಥೆಯೇ ಇಂದ್ರಜಾಲದ ಮೊಟ್ಟಮೊದಲ ಸಂಚಿಕೆ. ಡಯಾನಾ ಕೂಡ ಅಳುತ್ತಾ ಕೂರುವವಳಲ್ಲ, ತಾನೇ ಹೊಡೆದಾಡುತ್ತಾಳೆ. ಸತ್ತ ತಂದೆ ಕಣ್ಣ ಮುಂದೆ ಬಂದು ಮಗನಿಗೆ ಬುದ್ಧಿ ಹೇಳುವುದು ನನಗೆ ಬಹಳ ಹಿಡಿಸಿತು.

ಸಿನಿಮಾದವರು ಕೆಲವು ಬದಲಾವಣೆ ಮಾಡಿದ್ದಾರೆ. ಪಟ್ಟೆ ಪಟ್ಟೆ ಚಡ್ಡಿ ಇಲ್ಲ. ಇರಲಿ ಬಿಡಿ, ಅದನ್ನು ತೆಗೆದದ್ದೇ ಒಳ್ಳೆಯದಾಯಿತು! ಇನ್ನೊಂದು, ಕಾಮಿಕ್ಸಿನಲ್ಲಿ ಫ್ಯಾಂಟಮ್‌ನ ಕಣ್ಣನ್ನು ನಮಗೆ ತೋರಿಸುವುದೇ ಇಲ್ಲ. ಮುಖವಾಡದಲ್ಲಿ ಬರೀ ಬಿಳಿ. ಪಟ್ಟಣಕ್ಕೆ ಹೋದರೂ ಕಪ್ಪು ಕನ್ನಡಕ. ಸಿನಿಮಾದಲ್ಲಿ ಕಣ್ಣು, ಮುಖ ಎಲ್ಲಾ ಕಾಣುತ್ತದೆ. ನನಗೆ ಬೇಜಾರಾಯಿತು. ಆದರೆ ಕಣ್ಣೇ ಕಾಣದ ನಟ ಹೇಗೆ ನಟಿಸಬೇಕು? ಅದಕ್ಕೆ ಕ್ಷಮಿಸಿದ್ದೇನೆ.

ಬದಲಾಯಿಸುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಇಂದ್ರಜಾಲದವರೂ ಬದಲಾಯಿಸಿದ್ದರು. ಮೂಲದಲ್ಲಿ ಆ ಕಾಡಿನ ದೇಶಕ್ಕೆ ಬಂಗಾಳದ ನೆನಪು ತರುವ ಹೆಸರಿತ್ತು, ಕಡಲ್ಗಳ್ಳರಿಗೆ 'ಸಿಂಗ್' ಎಂಬ ಹೆಸರಿತ್ತು. ನಮ್ಮ ದೇಶದ ಓದುಗರಿಗೆ ನೋವಾಗಬಾರದೆಂದು ದೇಶವನ್ನು 'ಡೆಂಕಾಲಿ' ಮಾಡಿದರು, ಕಳ್ಳರನ್ನು 'ಸಿಂಗಾ' ಮಾಡಿದರು. ಹೆಸರು ಬದಲಾಯಿತು, ಫ್ಯಾಂಟಮ್ ಬದಲಾಗಲಿಲ್ಲ. ಬದಲಾವಣೆ ಅಂದರೆ ಹಾಗಿರಬೇಕು.

ಸಿನಿಮಾದ ಕೊನೆಯಲ್ಲಿ ಆಗುವುದು ಬೇರೆ. ನ್ಯೂಯಾರ್ಕಿನ ಡ್ರ್ಯಾಕ್ಸ್ ಎಂಬ ದುಷ್ಟ ಶ್ರೀಮಂತ ಮೂರು ಮಾಯಾ ಬುರುಡೆಗಳನ್ನು ಹುಡುಕುತ್ತಿರುತ್ತಾನೆ. ಮೂರೂ ಒಂದಾದರೆ ಜಗತ್ತನ್ನೇ ಸುಡುವ ಶಕ್ತಿ ಬರುತ್ತದಂತೆ. ಕೊನೆಗೆ ಒಂದಾಗುತ್ತವೆ, ಬೆಂಕಿಯ ಕಿರಣ ಹೊರಡುತ್ತದೆ. ಆಗ ಫ್ಯಾಂಟಮ್ ಏನು ಮಾಡುತ್ತಾನೆ? ಉಂಗುರ ಮುಂದೆ ಹಿಡಿಯುತ್ತಾನೆ. ಆ ಉಂಗುರವೇ ನಾಲ್ಕನೆಯ ಬುರುಡೆಯಂತೆ, ಮಿಕ್ಕ ಮೂರನ್ನೂ ಮೀರಿಸುವ ಶಕ್ತಿ ಅದಕ್ಕಿದೆಯಂತೆ! ಡ್ರ್ಯಾಕ್ಸ್ ನಾಶವಾದ, ಕಥೆ ಮುಗಿಯಿತು.

ನನಗೆ ಅಳು ಬರುವಂತಾಯಿತು. "ಇದೇನು ಮಾವ, ಮೋಸ ಅಲ್ವಾ?" ಅಂದೆ. ಮಾವ ನಕ್ಕರು. "ಸಿನಿಮಾ ಅಂದ್ಮೇಲೆ ಕೊನೇಲಿ ಏನಾದ್ರೂ ಢಂ ಅನ್ನಬೇಕಲ್ಲ ಪುಟ್ಟಿ. ಬರೀ ಗುದ್ದಾಟ ಆದ್ರೆ ಯಾರು ನೋಡ್ತಾರೆ?" ಅಂದರು. ಈ ಚಿತ್ರಕಥೆ ಬರೆದ ಜೆಫ್ರಿ ಬೋಮ್ ಅವರೇ 1989ರ ಇಂಡಿಯಾನಾ ಜೋನ್ಸ್ ಸಿನಿಮಾಗೂ ಚಿತ್ರಕಥೆ ಬರೆದವರು. ಹಾಗಾಗಿ ನಿಧಿ ಹುಡುಕುವುದು, ಮಾಯಾವಸ್ತು ಎಲ್ಲಾ ಇಲ್ಲಿಗೂ ಬಂತೇನೋ ಎಂದು ನನ್ನ ಊಹೆ. ಢಂ ಅಂದರೂ ಜನ ಬರಲಿಲ್ಲ. ಸುಮಾರು ನಾಲ್ಕೂವರೆ ಕೋಟಿ ಡಾಲರ್ ಖರ್ಚಾದ ಸಿನಿಮಾ ಅಮೆರಿಕದಲ್ಲಿ ಗಳಿಸಿದ್ದು ಸುಮಾರು 1.7 ಕೋಟಿ ಡಾಲರ್. ಆದರೆ ದುಡ್ಡು ಬಂದಿದ್ದರೂ ನಾನು ಇದನ್ನೇ ಬರೆಯುತ್ತಿದ್ದೆ. ಉಂಗುರ ಗೆದ್ದ ಮೇಲೆ 21 ತಲೆಮಾರು ಪಟ್ಟ ಕಷ್ಟಕ್ಕೆ ಏನು ಬೆಲೆ? ಆ ಉಂಗುರ ಯಾರ ಕೈಯಲ್ಲಿದ್ದರೂ ಗೆಲ್ಲುತ್ತಿತ್ತು. ವರ್ಷವೆಲ್ಲ ಓದಿದವಳಿಗೆ ಪರೀಕ್ಷೆಯ ದಿನ ಯಾರೋ ಉತ್ತರ ಬರೆದ ಚೀಟಿ ಕೊಟ್ಟು, "ಪಾಸಾದದ್ದು ಚೀಟಿಯಿಂದ" ಎಂದು ಎಲ್ಲರಿಗೂ ಹೇಳಿದ ಹಾಗಾಯಿತು.

ಕಾಮಿಕ್ಸಿನಲ್ಲಿ ತಪ್ಪೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ನನ್ನ ಕೈಯಲ್ಲಿ ಪುಸ್ತಕ ನೋಡಿ, "ಆ ಕಾಡಿನ ಜನರನ್ನು ಕಾಯೋಕೆ ಬಿಳಿಯನೇ ಯಾಕೆ ಬೇಕು, ಅವರಲ್ಲೇ ಒಬ್ಬರು ಇಲ್ವಾ?" ಎಂದು ಕೇಳಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅದು ಕಥೆಯ ಹುಟ್ಟಿನಲ್ಲೇ ಇರುವ ದೋಷ. ಫಾಕ್ ಅವರು ಆಮೇಲೆ ಸ್ವಲ್ಪ ತಿದ್ದಿಕೊಂಡರು. ಆ ದೇಶಕ್ಕೆ ಲಮಾಂಡಾ ಲುವಾಗಾ ಎಂಬ ಆಫ್ರಿಕನ್ ವೈದ್ಯ ಅಧ್ಯಕ್ಷನಾಗುತ್ತಾನೆ. ಸಿನಿಮಾದವರು ಕಥೆಯನ್ನು 1938ಕ್ಕೆ ಒಯ್ದು ನಿಲ್ಲಿಸಿದ್ದರಿಂದ ಅದೂ ಇಲ್ಲ. ತಿದ್ದಲೇಬೇಕಾದದ್ದನ್ನು ಬಿಟ್ಟರು, ಮುಟ್ಟಬಾರದ ಉಂಗುರವನ್ನು ಮುಟ್ಟಿದರು.

ಕೊನೆಯದಾಗಿ, ಎರಡು ಮಾರ್ಕ್ಸ್ ನೋಡಿ ನನಗೆ ಯಾಕೆ ಅಷ್ಟು ಸಿಟ್ಟು ಬಂತು ಎಂದು ಹೇಳಿಬಿಡುತ್ತೇನೆ.

ನಮ್ಮಪ್ಪ ಈ ಊರಿನ ನೀರುಗಂಟಿ ಎಂದು ನಿಮಗೆಲ್ಲ ಗೊತ್ತು. ತಾತನೂ ನೀರುಗಂಟಿ, ಮುತ್ತಾತನೂ ನೀರುಗಂಟಿ. ಹಳಬರು ಅಪ್ಪನನ್ನು ಹೆಸರು ಹಿಡಿದು ಕರೆಯುವುದಿಲ್ಲ. "ನೀರುಗಂಟಿ ಬಂದ" ಅನ್ನುತ್ತಾರೆ. ತಾತನಿಗೂ ಹಾಗೇ ಅನ್ನುತ್ತಿದ್ದರಂತೆ. ಯಾರ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ನೀರು ಬಿಟ್ಟದ್ದು ಎಂದು ಅಪ್ಪನ ಹತ್ತಿರ ನೋಟ್‌ಬುಕ್ಕುಗಳಿವೆ, ತಾತ ಬರೆಸಿದ್ದೂ ಇವೆ. ಹಿಂದಿನ ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಬಿದ್ದ ರಾತ್ರಿ ನೆನಪಿದೆಯಾ? ನಾವೆಲ್ಲ ಮಲಗಿದ್ದೆವು. ಅಪ್ಪ ಬ್ಯಾಟರಿ ಹಿಡಿದುಕೊಂಡು ಬೆಳಗಿನವರೆಗೂ ಏರಿಯ ಮೇಲೇ ಇದ್ದರು. ಏರಿ ಎಲ್ಲಾದರೂ ಜಿನುಗುತ್ತಿದೆಯಾ ಎಂದು ನೋಡುತ್ತಾ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರಂತೆ. ಬೆಳಿಗ್ಗೆ ಬಂದಾಗ ಕಾಲು ನಡುಗುತ್ತಿತ್ತು. ಅವರ ಕೈಯಲ್ಲಿ ಯಾವ ಉಂಗುರವೂ ಇರಲಿಲ್ಲ. ಅದಕ್ಕೇ "ಬರೀ ಮನುಷ್ಯ" ಎಂಬ ಮಾತು ನನಗೆ ತಡೆಯಲಿಲ್ಲ.

ಹಾಗಾದರೆ ಅಪ್ಪನ ಕೆಲಸವನ್ನೇ ಮಕ್ಕಳು ಮಾಡಬೇಕಾ ಎಂದು ನೀವು ಕೇಳಬಹುದು. ಆಣೆ ಹಾಕಿ ಕಟ್ಟಿಹಾಕುವುದು ನನಗೂ ಇಷ್ಟವಿಲ್ಲ. "ನೀನು ಓದು, ಇದು ನನ್ನ ಕಾಲಕ್ಕೇ ಸಾಕು" ಎಂದು ಅಪ್ಪ ಹೇಳುತ್ತಾರೆ. ಆದರೆ ಕಾಮಿಕ್ಸಿನಲ್ಲಿ 17ನೆಯ ಫ್ಯಾಂಟಮ್‌ನ ತಂಗಿ ಜೂಲಿ, ಅಣ್ಣನಿಗೆ ಆಗದಿದ್ದಾಗ ತಾನೇ ಆ ಉಡುಪು ತೊಟ್ಟು ಕೆಲಸ ನಡೆಸಿದ ಕಥೆಯಿದೆ. ಅವಳನ್ನು ಯಾರೂ ಬಲವಂತ ಮಾಡಿರಲಿಲ್ಲ. ಮೊನ್ನೆ ಅಪ್ಪನಿಗೆ ಜ್ವರ ಬಂದಾಗ ಆ ವಾರದ ಲೆಕ್ಕ ನೋಟ್‌ಬುಕ್ಕಿನಲ್ಲಿ ಬರೆದದ್ದು ನಾನು. ಮುಂದೆ ಏನಾಗುತ್ತೇನೋ ಗೊತ್ತಿಲ್ಲ. ಆ ಪುಟ ಮಾತ್ರ ನನ್ನದು.

ಆದ್ದರಿಂದ ನನ್ನ ತೀರ್ಪು ಇಷ್ಟು. ಸಿನಿಮಾಗೆ ಹತ್ತಕ್ಕೆ ಆರು. ಕುದುರೆ, ತೋಳ, ಸೇತುವೆ, ಡಯಾನಾ ಇವರಿಗೆ ಸೇರಿ ಆರು. ಉಂಗುರಕ್ಕೆ ಸೊನ್ನೆ. ಫ್ಯಾಂಟಮ್‌ಗೆ ಎಷ್ಟು ಎಂದು ನಾನು ಹೇಳುವುದಿಲ್ಲ. ಮಾವನನ್ನು ಕೇಳಿ ನಾಲ್ಕು ಪುಸ್ತಕ ತಂದಿದ್ದೇನೆ, ಶಾಲೆಯ ಗ್ರಂಥಾಲಯದ ಬೀರುವಿನಲ್ಲಿ ಇಟ್ಟಿದ್ದೇನೆ. ಎರಡು ಮಾರ್ಕ್ಸ್ ಕೊಟ್ಟ ಗೆಳೆಯ ಮೊದಲು ಓದಲಿ, ಆಮೇಲೆ ಮತ್ತೆ ಮಾರ್ಕ್ಸ್ ಹಾಕಲಿ. ಹಾಳೆ ಮಡಚಬೇಡಿ, ಹೊಲಿಗೆ ಹಳೆಯದು. ನನ್ನ ಮಾತು ತಪ್ಪು ಎನಿಸಿದರೆ ಮುಂದಿನ ಸಂಚಿಕೆಗೆ ಬರೆದು ಕೊಡಿ.

ಇಂತಿ ನಿಮ್ಮ ಸಹಪಾಠಿ,
10ನೇ ತರಗತಿ