ವರ್ಗಶೋಧನೆಯ ನ್ಯಾಯ

ಸಾಹಿತ್ಯವೆಂಬ ವರ್ಗದ ಅಡಿಯಲ್ಲಿ ಕಾವ್ಯವೂ, ಕಾವ್ಯದ ಅಡಿಯಲ್ಲಿ ಷಟ್ಪದಿಯೂ ಇರುವುವೆಂದು ಒಪ್ಪಿದ ಮೇಲೆ, ಸಾಹಿತ್ಯವನ್ನು ಕೇಳಿದ ವಾಚಕನಿಗೆ ಷಟ್ಪದಿಯ ಲೇಖನವನ್ನು ಕೊಡದಿರುವುದು ಯಾವ ನ್ಯಾಯ? ಗಣಕಯಂತ್ರದ ದತ್ತಾಂಶಕೋಶಗಳಲ್ಲಿ ಈ ಅನ್ಯಾಯವು ನಿತ್ಯವೂ ನಡೆಯುತ್ತಿದೆ. ವಿಕಿಪೀಡಿಯದಲ್ಲಿ ‘ಇನ್‌ಕೆಟಗರಿ’ ಎಂದು ಹುಡುಕಿದರೆ, ಹೆಸರಿಸಿದ ವರ್ಗಕ್ಕೆ ನೇರವಾಗಿ ಸೇರಿಸಿದ ಪುಟಗಳು ಮಾತ್ರವೇ ಕಾಣುವುವು. ಉಪವರ್ಗಗಳಿಗೆ ಇಳಿಯಬೇಕಾದರೆ ‘ಡೀಪ್‌ಕೆಟಗರಿ’ ಎಂಬ ಬೇರೊಂದು ಸಂಕೇತವನ್ನು ಅರಿತಿರಬೇಕು. ಜಾಲತಾಣಗಳನ್ನು ಕಟ್ಟುವ ವರ್ಡ್‌ಪ್ರೆಸ್‌ನಲ್ಲಿಯೂ ಒಂದು ಸೂಚನೆಗೆ ಉಪವರ್ಗಗಳು ಬರುವುವು, ಇನ್ನೊಂದಕ್ಕೆ ಬಾರವು. ಬಲ್ಲವನೇನೋ ಪಾರಾಗುವನು; ಅರಿಯದವನು ಕಾಣದುದನ್ನು ಇಲ್ಲವೆಂದೇ ಬಗೆದು ಹಿಂದಿರುಗುವನು.

ಇಳಿದು ಹುಡುಕುವುದು ಯಂತ್ರಕ್ಕೆ ಶ್ರಮವೆಂದು ಕೆಲವರು ಆಕ್ಷೇಪಿಸುವರು. ತಾಯಿಯಿಂದ ಮಕ್ಕಳಿಗೂ ಮಕ್ಕಳಿಂದ ಮೊಮ್ಮಕ್ಕಳಿಗೂ ತಾನಾಗಿ ಇಳಿಯುವ ಪ್ರಶ್ನಾವಿಧಾನವು ಎಸ್‌ಕ್ಯೂಎಲ್ ಭಾಷೆಯ 1999ರ ಪ್ರಮಾಣದಲ್ಲಿಯೇ ಸೇರಿತು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ 2009ರಲ್ಲಿಯೂ, ಮೈಎಸ್‌ಕ್ಯೂಎಲ್‌ಗೆ 2018ರಲ್ಲಿಯೂ ಬಂದಿತು. ಉಪಾಯವು ಕೈಯಲ್ಲಿದ್ದೂ ಬಳಸದಿರುವುದು ಆಲಸ್ಯವಲ್ಲದೆ ಮತ್ತೇನು?

ಕವಿಯ ಕೆಳಗೆ ಅವನ ಊರನ್ನೂ, ಊರಿನ ಕೆಳಗೆ ಅಲ್ಲಿಯ ಕೆರೆಯನ್ನೂ ಇಟ್ಟಿದ್ದರೆ, ಕವಿಗಳನ್ನು ಕೇಳಿದವನಿಗೆ ಕೆರೆ ದೊರೆಯುವುದೆಂಬ ಇನ್ನೊಂದು ಆಕ್ಷೇಪವು ದಿಟವೇ. ಆದರೆ ಆ ದೋಷವು ವರ್ಗೀಕರಿಸಿದವನದು. ‘ಇದರದೊಂದು ಬಗೆ’ ಎಂಬ ಸಂಬಂಧವನ್ನು ‘ಇದಕ್ಕೆ ಸೋಂಕಿದ್ದು’ ಎಂಬುದರೊಡನೆ ಬೆರೆಸಿದವನ ತಪ್ಪಿಗೆ ವಾಚಕನೇಕೆ ದಂಡ ತೆರಬೇಕು?

ಆದುದರಿಂದ ಉಪವರ್ಗಸಹಿತವಾಗಿ ಹುಡುಕುವುದೇ ನಿಯಮವಾಗತಕ್ಕದ್ದು. ಒಂದೇ ಮೆಟ್ಟಿಲಿನಲ್ಲಿ ನಿಲ್ಲಬೇಕಾದ ಸಂದರ್ಭವಿದ್ದರೆ, ಕೆಳಗೆ ಇನ್ನೂ ಮೆಟ್ಟಿಲುಗಳಿವೆಯೆಂಬುದನ್ನು ವಾಚಕನಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದು.