ಮ್ಯಾಪಿನ ನೀಲಿ ಚುಕ್ಕೆಗೆ ನಮ್ಮ ಕೂಗು ಕೇಳಿಸುವುದಿಲ್ಲ

ಮರುಭೂಮಿಯ ಸೈಟ್‌ಗಳಿಗೆ ಗಾಡಿ ಓಡಿಸುವ ನಮ್ಮವರಲ್ಲಿ ಒಂದು ನಂಬಿಕೆ ಇದೆ. ಮೊಬೈಲಿನ ಮ್ಯಾಪಿನಲ್ಲಿ ನೀಲಿ ಚುಕ್ಕೆ ಕಾಣ್ತಾ ಇದೆ ಅಂದ್ರೆ ನಾವಿರುವ ಜಾಗ ಮೇಲಿನ ಸ್ಯಾಟಲೈಟಿಗೆ ಗೊತ್ತಿದೆ, ಏನಾದರೂ ಆದರೆ ಹುಡುಕಿಕೊಂಡು ಬರುತ್ತಾರೆ ಅಂತ. ಇದು ತಪ್ಪು, ಜೀವಕ್ಕೇ ಕುತ್ತು ತರುವ ತಪ್ಪು.

ಜಿಪಿಎಸ್ ಸ್ಯಾಟಲೈಟ್‌ಗಳು ಸುಮಾರು 20,200 ಕಿ.ಮೀ. ಎತ್ತರದಿಂದ ತಮ್ಮ ಸ್ಥಾನವನ್ನೂ ಸಮಯವನ್ನೂ ಸಾರುತ್ತಾ ಇರುತ್ತವೆ, ಅಷ್ಟೆ. ಅದನ್ನು ಕೇಳಿಸಿಕೊಂಡು ಲೆಕ್ಕ ಹಾಕುವುದು ನಮ್ಮ ಫೋನ್. ರೇಡಿಯೋದಲ್ಲಿ ವಾರ್ತೆ ಕೇಳಿದ ಹಾಗೆ ಇದು. ನಾವು ಕೇಳುತ್ತಿದ್ದೇವೆ ಎಂದು ವಾರ್ತೆ ಓದುವವರಿಗೆ ಗೊತ್ತಾಗುತ್ತದೆಯೇ? ಆ ಚುಕ್ಕೆಯನ್ನು ಗೆಳೆಯನಿಗೆ ಕಳಿಸಬೇಕಾದರೆ ನೆಲದ ಮೇಲೆ ಟವರ್ ಬೇಕು. ಕೆಲವು ಹೊಸ ಮೊಬೈಲುಗಳಲ್ಲಿ ಸ್ಯಾಟಲೈಟ್ ಮೂಲಕ ತುರ್ತು ಸಂದೇಶ ಕಳಿಸಬಹುದು, ಆದರೆ ಆ ಸೌಲಭ್ಯ ಎಲ್ಲ ದೇಶಗಳಲ್ಲಿ ಸಿಗುವುದಿಲ್ಲ.

ಸೌದಿಯ ರುಬ್ ಅಲ್ ಖಾಲಿ ನಮ್ಮ ಕರ್ನಾಟಕದ ಮೂರು ಪಟ್ಟಿಗಿಂತ ದೊಡ್ಡದು. 2024ರ ಆಗಸ್ಟ್‌ನಲ್ಲಿ ತೆಲಂಗಾಣದ ಒಬ್ಬ ಯುವಕ ಮತ್ತು ಅವನ ಸುಡಾನಿ ಜೊತೆಗಾರ ಅಲ್ಲಿ ದಾರಿ ತಪ್ಪಿ, ಪೆಟ್ರೋಲೂ ಮೊಬೈಲ್ ಚಾರ್ಜೂ ಮುಗಿದು ತೀರಿಕೊಂಡ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಓದಿ, ಫಾರ್ವರ್ಡ್ ಮಾಡಿ, ಸುಮ್ಮನಾದೆವು.

ಇಂಥ ಕಡೆಗೆಂದೇ ಇರುವುದು ಸ್ಯಾಟಲೈಟ್ ಫೋನ್. ಯುಎಇಯ ತುರಾಯಾ ಫೋನನ್ನು ನಮ್ಮಲ್ಲಿ ಹಲವರು ನೋಡಿದ್ದೀರಿ. ಅದು ಮಾತಾಡುವ ಸ್ಯಾಟಲೈಟ್ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ. ಆ ಎತ್ತರದಲ್ಲಿ ಅದು ಭೂಮಿಯ ಜೊತೆಜೊತೆಗೇ ಸುತ್ತುವುದರಿಂದ ನಮಗೆ ಒಂದೇ ಕಡೆ ನಿಂತ ಹಾಗೆ. ಕ್ಯಾಂಪಿನ ತಾರಸಿಯ ಟಿವಿ ಡಿಶ್ಶನ್ನು ಒಮ್ಮೆ ತಿರುಗಿಸಿಟ್ಟರೆ ವರ್ಷಗಟ್ಟಲೆ ಮುಟ್ಟಬೇಕಾಗಿಲ್ಲ, ಅದಕ್ಕೂ ಇದೇ ಕಾರಣ. (ಶಿರಾಡಿ ಘಾಟಿ ಹತ್ತಿ ಹೋದರೆ ಸಿಗುವ ಹಾಸನದಲ್ಲಿ, ಭಾರತದ ಇಂಥ ಸ್ಯಾಟಲೈಟ್‌ಗಳನ್ನು ನೋಡಿಕೊಳ್ಳುವ ಇಸ್ರೋ ಕೇಂದ್ರವೇ ಇದೆ.) ನಮ್ಮ ಮಾತು ಮೇಲೆ ಹೋಗಿ ಕೆಳಗಿಳಿಯಲು ಕಾಲು ಸೆಕೆಂಡ್ ಬೇಕು. ಹಾಗಾಗಿ ಹಲೋ ಅಂದ ಮೇಲೆ ಸ್ವಲ್ಪ ತಡೆಯಬೇಕು. ಗಾಡಿಯ ಒಳಗೆ ಕೂತು ಒತ್ತಿದರೆ ಸಿಗ್ನಲ್ ಸಿಗಲಿಕ್ಕಿಲ್ಲ. ಹೊರಗೆ ಬಂದು, ಆಂಟೆನಾ ಎಳೆದು, ದಕ್ಷಿಣದ ಆಕಾಶಕ್ಕೆ ಹಿಡಿಯಬೇಕು.

ಟವರ್ ಇಲ್ಲದ ಕಡೆಗೆ ಕೆಲಸಕ್ಕೆ ಕಳಿಸುವ ಪ್ರತಿ ಕಂಪನಿಯೂ ಗಾಡಿಯಲ್ಲಿ ಇದನ್ನು ಇಡಲೇಬೇಕು ಎಂದು ನಾವು ಹೇಳುತ್ತೇವೆ. ಗಾಡಿಗೆ ಇನ್ಶೂರೆನ್ಸ್ ಇದೆ, ಸ್ಟೆಪ್ನಿ ಇದೆ. ಡ್ರೈವರ್‌ಗೆ ಏನಿದೆ? ಕೇಳಿದರೆ ಕೆಲಸ ಹೋಗುತ್ತದೆ ಅಂತ ಒಬ್ಬೊಬ್ಬರಿಗೆ ಹೆದರಿಕೆ ಇರಬಹುದು, ಸುಳ್ಳಲ್ಲ. ಅದಕ್ಕೇ ಸೈಟಿನವರೆಲ್ಲ ಸೇರಿ ಸೇಫ್ಟಿ ಆಫೀಸರ್ ಹತ್ತಿರ ಬರವಣಿಗೆಯಲ್ಲಿ ಕೇಳಿ.

ಇನ್ನೊಂದು ಮಾತು, ರಜೆಗೆ ಹೋಗುವವರಿಗೆ. ಈ ಫೋನನ್ನು ದಯವಿಟ್ಟು ಊರಿಗೆ ಒಯ್ಯಬೇಡಿ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳುವುದು ಅಪರಾಧ, ಏರ್‌ಪೋರ್ಟಿನಲ್ಲೇ ಹಿಡಿಯುತ್ತಾರೆ. ಬ್ಯಾಗಿನಲ್ಲಿ ಮರೆತು ಉಳಿದಿತ್ತು ಅಂದರೂ ಕೇಸು ತಪ್ಪುವುದಿಲ್ಲ, ಮನೆಯವರು ಹೊರಗೆ ಕಾಯುತ್ತಲೇ ಇರುತ್ತಾರೆ. ಟಿಕೆಟ್ ಕೈಗೆ ಬಂದ ದಿನವೇ ಫೋನನ್ನು ಸ್ಟೋರಿಗೆ ಒಪ್ಪಿಸಿ, ಸಹಿ ಹಾಕಿದ ರಸೀದಿ ತಗೊಳ್ಳಿ.