ಬೇಸಗೆಯ ಮುನ್ಸೂಚನೆ ಯಾರಿಗಾಗಿ?

ಪ್ರತಿ ವರ್ಷವೂ ಫೆಬ್ರವರಿ ಮುಗಿಯುವ ಹೊತ್ತಿಗೆ ಭಾರತೀಯ ಹವಾಮಾನ ಇಲಾಖೆಯು ಮುಂಬರುವ ಬೇಸಗೆಯ ಮುನ್ನೋಟವನ್ನು ಪ್ರಕಟಿಸುತ್ತದೆ. ಏಪ್ರಿಲ್ ನಡುವಿನಲ್ಲಿ ಮುಂಗಾರಿನ ಮುನ್ನೋಟವು ಹೊರಬೀಳುತ್ತದೆ. ದಿನದಿನದ ಎಚ್ಚರಿಕೆಗಳು ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಬರುತ್ತಲೇ ಇರುತ್ತವೆ. ಪತ್ರಿಕೆಗಳು ಅವನ್ನು ಅಚ್ಚುಹಾಕುತ್ತವೆ. ವಾಚಕರು "ಈ ಸಲ ಸೆಕೆ ಜಾಸ್ತಿಯಂತೆ" ಎಂದು ಒಂದು ಮಾತನಾಡಿ ಪುಟ ತಿರುವುತ್ತಾರೆ. ಈ ಪುಟ ತಿರುವುವ ಅಭ್ಯಾಸವನ್ನು ಕುರಿತೇ ಇಂದು ನಾವು ನಾಲ್ಕು ಮಾತು ಹೇಳಬಯಸುತ್ತೇವೆ.

ಮುನ್ಸೂಚನೆಯು ಆಕಾಶಕ್ಕೂ ಕಡಲಿಗೂ ನೆಲಕ್ಕೂ ಸಮಾನವಾಗಿಯೇ ಬರುತ್ತದೆ. ಆದರೆ ಕೇಳುವವರು ಸಮಾನರಲ್ಲ. ವಿಮಾನ ನಡೆಸುವವನು ಹವೆಯ ವರದಿಯನ್ನು ಕೈಯಲ್ಲಿ ಹಿಡಿಯದೆ ಹೊರಡುವಂತಿಲ್ಲ. ಗಾಳಿ ಕಾದಷ್ಟೂ ತೆಳುವಾಗುತ್ತದೆ. ತೆಳುವಾದ ಗಾಳಿಯಲ್ಲಿ ರೆಕ್ಕೆಯನ್ನು ಎತ್ತುವ ಬಲವೂ ಎಂಜಿನಿನ ಶಕ್ತಿಯೂ ಕುಂದುತ್ತವೆ. ಆದುದರಿಂದ ಕಡು ಬೇಸಗೆಯ ಮಧ್ಯಾಹ್ನ ಉದ್ದವಾದ ರನ್‌ವೇ ಬೇಕಾಗುತ್ತದೆ, ಇಲ್ಲವೆ ಹೊರೆಯನ್ನು ಇಳಿಸಬೇಕಾಗುತ್ತದೆ. ಈ ಲೆಕ್ಕವನ್ನು ಅವರು ಪ್ರತಿ ಪ್ರಯಾಣಕ್ಕೂ ಹಾಕುತ್ತಾರೆ. 2024ರ ಮೇ 13ರಂದು ಮುಂಬಯಿಯ ಮೇಲೆ ಧೂಳಿನ ಬಿರುಗಾಳಿ ಎದ್ದಾಗ ಇಲ್ಲಿಯ ವಿಮಾನ ನಿಲ್ದಾಣದ ವ್ಯವಹಾರವನ್ನು ಒಂದು ಗಂಟೆಗೂ ಮಿಕ್ಕಿ ನಿಲ್ಲಿಸಲಾಯಿತು. ವಿಮಾನಗಳು ಉಳಿದವು. ಅದೇ ಗಾಳಿಗೆ ಘಾಟ್‌ಕೋಪರಿನಲ್ಲಿ, ಮಿತಿ ಮೀರಿ ಕಟ್ಟಿದ್ದ ಜಾಹೀರಾತು ಫಲಕವೊಂದು ಪೆಟ್ರೋಲ್ ಬಂಕಿನ ಮೇಲೆ ಉರುಳಿ 17 ಜನರು ಸತ್ತರು. ಮೇಲಿದ್ದವರನ್ನು ತಡೆದು ನಿಲ್ಲಿಸುವವರಿದ್ದರು. ಕೆಳಗಿದ್ದವರಿಗೆ ಯಾರೂ ಇರಲಿಲ್ಲ.

ಕಡಲಿನ ಮಾತೂ ಹೀಗೆಯೇ. ನಮ್ಮ ಬಂದರುಗಳಲ್ಲಿ ಗಾಳಿಯ ಅಪಾಯಕ್ಕೆ ತಕ್ಕಂತೆ ಒಂದರಿಂದ ಹನ್ನೊಂದರವರೆಗೆ ಸಂಕೇತಗಳನ್ನು ಏರಿಸುವ ಪದ್ಧತಿಯುಂಟು. ಊರಿನ ಮೊಗವೀರ ಬಂಧುಗಳು ಅದನ್ನು ಕಂಡು ದೋಣಿಯನ್ನು ದಡಕ್ಕೆ ಎಳೆಯುತ್ತಾರೆ. ಆದರೆ ಕೇಳದಿದ್ದರೆ ಏನಾಗುವುದೆಂಬುದನ್ನು 2021ರ ಮೇ 17 ತೋರಿಸಿತು. ತೌಕ್ತೆ ಚಂಡಮಾರುತದ ಎಚ್ಚರಿಕೆಯು ಹಲವು ದಿನಗಳ ಮೊದಲೇ ಪ್ರಕಟವಾಗಿತ್ತು. ಆ ದಿನ ಮುಂಬಯಿಯ ವಿಮಾನ ನಿಲ್ದಾಣವನ್ನು ಬೆಳಗಿನಿಂದ ರಾತ್ರಿಯವರೆಗೆ ಮುಚ್ಚಿದ್ದರು. ಆದರೆ ತೈಲಕ್ಷೇತ್ರದ ಕಾರ್ಮಿಕರು ತಂಗಿದ್ದ ಪಿ-305 ಎಂಬ ನಾವೆಯು ಬಂದರಿಗೆ ಮರಳದೆ ಕಡಲಲ್ಲಿಯೇ ಉಳಿದು, ಲಂಗರು ಕಳಚಿ ಮುಳುಗಿತು. ಅದರಲ್ಲಿ 261 ಜನರಿದ್ದರು. ನೌಕಾದಳದವರು ಬಹುಮಂದಿಯನ್ನು ಬದುಕಿಸಿದರೂ ಎಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು. ನಾವೆಯನ್ನು ತಿರುಗಿಸುವ ಅಧಿಕಾರ ಸತ್ತ ಕೂಲಿಕಾರನ ಕೈಯಲ್ಲಿರಲಿಲ್ಲವೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು.

ಇನ್ನು ನೆಲದ ಮಾತಿಗೆ ಬರೋಣ. ಬಯಲುಸೀಮೆಯಲ್ಲಿ 40 ಡಿಗ್ರಿ, ಕರಾವಳಿಯಲ್ಲಿ 37 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಅದು ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಷ್ಟು ಏರಿದ್ದರೆ ಇಲಾಖೆಯವರು ಬಿಸಿಗಾಳಿಯೆಂದು ಸಾರುತ್ತಾರೆ. ಕರಾವಳಿಗೆ ಬೇರೆ ಅಳತೆಯೇಕೆ? ಬೆವರು ಆರಿದರೆ ಮಾತ್ರ ಮೈ ತಂಪಾಗುತ್ತದೆ. ಕಲಬುರ್ಗಿಯ ಒಣಹವೆಯಲ್ಲಿ ಬೆವರು ಬೇಗ ಆರುತ್ತದೆ. ಮುಂಬಯಿ, ಚೆನ್ನೈಗಳ ತೇವದ ಹವೆಯಲ್ಲಿ ಅದು ಮೈಮೇಲೆ ಸುಮ್ಮನೆ ಇಳಿಯುತ್ತದೆ, ಒಳಗಿನ ಕಾವು ಒಳಗೇ ಉಳಿಯುತ್ತದೆ. 2023ರ ಏಪ್ರಿಲ್ 16ರಂದು ನವಿಮುಂಬಯಿಯ ಖಾರ್ಘರಿನಲ್ಲಿ ಬಯಲಿನಲ್ಲಿ ನಡೆದ ಸಮಾರಂಭಕ್ಕೆ ಬಂದು ಬಿಸಿಲಿನಲ್ಲಿ ಕುಳಿತಿದ್ದವರ ಪೈಕಿ ಹದಿನಾಲ್ವರು ಪ್ರಾಣ ಬಿಟ್ಟರು.

ವೀಕ್ಷಣಾಲಯದ ಉಷ್ಣಮಾಪಕವು ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ ಇರುತ್ತದೆ. ದೋಸೆಯ ಕಾವಲಿಯ ಮುಂದೆ ಅದನ್ನು ಯಾರೂ ತೂಗುಹಾಕಿಲ್ಲ. ಕೊಲಾಬದಲ್ಲಿ 35 ಡಿಗ್ರಿಯೆಂದು ಬರೆದ ದಿನ ನಮ್ಮ ಅಡಿಗೆಮನೆಯಲ್ಲಿ ಎಷ್ಟೆಂಬುದನ್ನು ಭಟ್ಟರ ಬೆನ್ನು ಮಾತ್ರ ಬಲ್ಲದು. ರಾತ್ರಿ ಮಲಗಲು ತಗಡಿನ ಮಾಡಿನ ಕೆಳಗಿನ ಅಟ್ಟವೇ ಗತಿಯಾದ ಹುಡುಗನ ಮೈ ನಸುಕಿನವರೆಗೂ ತಣಿಯುವುದಿಲ್ಲ. ಮರುದಿನ ಐದು ಗಂಟೆಗೆ ಅವನು ಮತ್ತೆ ಒಲೆಯ ಮುಂದೆ.

ನಾವೂ ಬಹುಕಾಲ ಗಲ್ಲೆಯ ಹಿಂದೆ ಕುಳಿತವರೇ. ಒಂದು ಮೇ ತಿಂಗಳಲ್ಲಿ ನಮ್ಮ ಅಡಿಗೆಮನೆಯಲ್ಲಿ ಹುಡುಗನೊಬ್ಬ ಕುಸಿದುಬಿದ್ದಾಗ, ಪಿತ್ತವಾಗಿರಬೇಕೆಂದು ಲಿಂಬೆ ಶರಬತ್ತು ಕುಡಿಸಿ ಅರ್ಧ ಗಂಟೆಯಲ್ಲಿ ಮತ್ತೆ ಕೆಲಸಕ್ಕೆ ಕಳುಹಿಸಿದೆವು. ಅವನು ಬದುಕಿದ್ದು ಅವನ ಅದೃಷ್ಟ, ನಮ್ಮ ಜಾಣ್ಮೆಯಲ್ಲ. ಅಂದಿನ ಪತ್ರಿಕೆಯಲ್ಲಿ ಎಚ್ಚರಿಕೆ ಅಚ್ಚಾಗಿತ್ತು. ಅದೇ ಪತ್ರಿಕೆ ನಮ್ಮ ಮೇಜಿನ ಮೇಲೆಯೇ ಇತ್ತು.

ಇಲಾಖೆಯವರು ಹೇಳಿದ್ದು ಎಷ್ಟೋ ಸಲ ಸುಳ್ಳಾಗುತ್ತದಲ್ಲ ಎಂದು ಕೆಲವರು ನಗುವುದುಂಟು. ಮುನ್ನೋಟವು ಜ್ಯೋತಿಷ್ಯವಲ್ಲ, ಅದು ಸಂಭವದ ಲೆಕ್ಕ. ನಮ್ಮ ಹಿರಿಯರು ಪತ್ತನಾಜೆ, ರೋಹಿಣಿ, ಮೃಗಶಿರಾ ಎಂದು ಎಣಿಸಿದ ಲೆಕ್ಕವೂ ಅನುಭವದ್ದೇ. ಆದರೆ ಕಾಲ ಆ ಲೆಕ್ಕಕ್ಕೂ ನಿಲ್ಲದಾಗಿದೆ. ಜೂನ್ 11ರ ಸುಮಾರಿಗೆ ಮುಂಬಯಿಗೆ ಬರುವುದು ವಾಡಿಕೆಯಾದ ಮುಂಗಾರು 2025ರಲ್ಲಿ ಮೇ 26ಕ್ಕೇ ಬಂದಿತು. ಮುನ್ಸೂಚನೆಯನ್ನು ನಂಬಿ ನಡೆದರೆ ಫಲವುಂಟೆಂದು ತಿಳಿದವರು ಅಹಮದಾಬಾದಿನವರು. 2010ರ ಮೇ ತಿಂಗಳ ಬಿಸಿಗೆ ಸಾವಿರಕ್ಕೂ ಮಿಕ್ಕಿ ಜನರನ್ನು ಕಳೆದುಕೊಂಡ ಆ ನಗರವು 2013ರಲ್ಲಿ, ಎಚ್ಚರಿಕೆ ಬಂದ ಕೂಡಲೇ ಯಾರು ಏನು ಮಾಡಬೇಕೆಂಬ ಯೋಜನೆಯನ್ನು ಗೊತ್ತುಪಡಿಸಿತು. ಬಳಿಕ ಇತರ ನಗರಗಳೂ ಆ ದಾರಿ ಹಿಡಿದವು.

ಅಂಥ ಗೊತ್ತುಪಾಡು ಪ್ರತಿ ಹೋಟೆಲಿನಲ್ಲಿಯೂ ಇರಬೇಕೆಂಬುದು ನಮ್ಮ ಅಭಿಮತ. ಕಿತ್ತಳೆ ಎಚ್ಚರಿಕೆಯ ದಿನ ಹೆಚ್ಚು ಬೇಯಿಸುವ ಕೆಲಸಗಳು ನಸುಕಿನಲ್ಲಿಯೇ ಮುಗಿಯಲಿ. ಕಾವಲಿಯ ಮುಂದೆ ಒಬ್ಬನೇ ಹೊತ್ತೆಲ್ಲ ನಿಲ್ಲದೆ ಗಂಟೆಗೊಮ್ಮೆ ಆಳು ಬದಲಾಗಲಿ. ಉಪ್ಪು ಹಾಕಿದ ಮಜ್ಜಿಗೆಯ ಪಾತ್ರೆ ಒಲೆಯ ಬಳಿ ಸದಾ ಇರಲಿ. ಹೊಗೆ ಹೀರುವ ಫ್ಯಾನು ಕೆಟ್ಟಿದ್ದರೆ ಫೆಬ್ರವರಿಯಲ್ಲಿಯೇ ರಿಪೇರಿಯಾಗಲಿ. ಅಟ್ಟ ಕಾದ ರಾತ್ರಿ, ಗಿರಾಕಿಗಳು ಹೋದ ಮೇಲೆ ಹುಡುಗರು ಹೋಟೆಲಿನ ಹಾಲಿನಲ್ಲಿ ಫ್ಯಾನಿನ ಕೆಳಗೆ ಮಲಗಲಿ. ಬಿಸಿಗೆ ಬಿದ್ದವನು ತೊದಲಿದರೆ, ಗುರುತು ತಪ್ಪಿದರೆ, ಅದು ಪಿತ್ತವಲ್ಲ. ಮೈಗೆ ನೀರು ಸುರಿದು, ಗಾಳಿ ಬೀಸಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು.

ಇವುಗಳಿಗೆ ತಗಲುವ ಖರ್ಚು ಅಲ್ಪ. ಗುಮಾಸ್ತ ಬಂಧುಗಳಿಗೂ ಇಲ್ಲಿ ಒಂದು ಕೆಲಸವುಂಟು. ಅವರು ಬೆಳಗಿನ ತಿಂಡಿಗೆ ಬಂದಾಗ ಆ ದಿನದ ಎಚ್ಚರಿಕೆಯ ಬಣ್ಣವನ್ನು ಗಲ್ಲೆಯಲ್ಲಿ ಕುಳಿತವರಿಗೆ ಓದಿ ಹೇಳಲಿ. ತಿಂಡಿ ತುಸು ತಡವಾದರೆ ಮಾಣಿಯ ಮೇಲೆ ರೇಗದಿರಲಿ. ಮಾಲಿಕರ ಸಂಘದವರೂ ಕಾರ್ಮಿಕರ ಸಂಘದವರೂ ಬಿಸಿಲು ಏರುವ ಮೊದಲೇ ಕೂಡಿ ಕುಳಿತು ಈ ನಿಯಮಗಳನ್ನು ಬರೆದು, ಪ್ರತಿ ಅಡಿಗೆಮನೆಯ ಗೋಡೆಗೆ ಅಂಟಿಸಬೇಕೆಂದು ನಾವು ಕೇಳಿಕೊಳ್ಳುತ್ತೇವೆ.